ಎಲ್ಲರಿಗೂ ಒಂದೇ ಎದೆ

ಬಿಳಿಕಲ್ಲು ಅರೆದು ಪುಡಿ ಮಾಡುವ ಮಿಲ್ಲು ನಮ್ಮದು. ನಮ್ಮದು ಅಂದರೆ ದಣಿಯದು, ನಮ್ಮದೇನಿದ್ದರೂ ಕೆಮ್ಮು. ಕಲ್ಲು ಹಾಕುವ ಕಡೆ ಗಂಡಸರು, ಪುಡಿಯನ್ನು ಚೀಲಕ್ಕೆ ತುಂಬುವ ಕಡೆ ಹೆಂಗಸರು. ಗಾಳಿಗೆ ಪುಡಿ ಹಾರಿದರೆ ದಣಿಗೆ ನಷ್ಟವೆಂದು ಕಿಟಕಿಗಳಿಗೆಲ್ಲ ಹಲಗೆ ಹೊಡೆಸಿದ್ದ. ಹೊರಗೆ ಹೋಗಲಾರದ ಪುಡಿ ನಮ್ಮೊಳಗೆ ಹೋಗುತ್ತಿತ್ತು. ಕೆಲಸ ಬಿಡುವ ಹೊತ್ತಿಗೆ ಹುಬ್ಬು, ರೆಪ್ಪೆ, ತುಟಿ ಎಲ್ಲ ಬಿಳಿ. ಹೆತ್ತ ಮಗು ಕೂಡ ತಾಯಿಯನ್ನು ಗುರುತು ಹಿಡಿಯುತ್ತಿರಲಿಲ್ಲ.

ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ ತೆಗೆಯುವ ಸರ್ಕಾರಿ ವ್ಯಾನು ಬರುತ್ತಿತ್ತು. ಕಾಯಿಲೆ ಬರುವ ಮೊದಲೇ ತಡೆಯುವ ಯೋಜನೆಯಂತೆ. ಮೊದಲ ಸಲ ನಾವೆಲ್ಲ ನಂಬಿದೆವು. ಅತ್ತಿಗೆಯ ಗಂಡ ಎಲ್ಲರಿಗಿಂತ ಮುಂದೆ ಹೋಗಿ ನಿಂತ. ಎದೆಯಲ್ಲಿ ಕಲೆ ಕಂಡಿತು. "ಪಾಪ, ಮನೇಲಿ ಸುಧಾರಿಸ್ಕೋ" ಎಂದು ದಣಿ ಮಾರನೆಯ ದಿನವೇ ಅವನನ್ನು ಗೇಟಿನಾಚೆ ಕಳಿಸಿದ. ಔಷಧಿಗೂ ಗತಿಯಿಲ್ಲ, ಊಟಕ್ಕೂ ಗತಿಯಿಲ್ಲ. ಮೂಲೆಯಲ್ಲಿ ಕೂತು ಒಣಗಿ ಒಣಗಿ ಸತ್ತ.

ಅತ್ತಿಗೆ ಅಂದರೆ ನಮ್ಮ ಜೊತೆ ಚೀಲ ತುಂಬುವವಳು, ಗೇಟಿನ ಹೊರಗೆ ಚಹಾ ಮಾರುವವಳ ಅತ್ತಿಗೆ. ಸತ್ತವನು ಚಹಾದವಳ ಒಡಹುಟ್ಟಿದ ಅಣ್ಣ. ಅವಳು ಕರೆದದ್ದನ್ನು ಕೇಳಿ ಮಿಲ್ಲೆಲ್ಲ ಅತ್ತಿಗೆ ಎಂದೇ ಕರೆಯಿತು.

ಆಮೇಲೆ ನಾವೂ ಬುದ್ಧಿ ಕಲಿತೆವು. ದಣಿ ಚಾಪೆ ಕೆಳಗೆ ತೂರಿದರೆ ನಾವು ರಂಗೋಲಿ ಕೆಳಗೆ. ಚಹಾದವಳು ಒಳಗೆ ದುಡಿದವಳಲ್ಲ, ಅವಳ ಎದೆ ಚೊಕ್ಕ. ವ್ಯಾನು ಬಂದ ದಿನ ಮುಖಕ್ಕೆ ಪುಡಿ ಬಳಿದುಕೊಂಡು ನಮ್ಮೆಲ್ಲರ ಬದಲು ಅವಳೇ ಹತ್ತುತ್ತಿದ್ದಳು. ಒಂದು ಬಾಗಿಲಲ್ಲಿ ಹತ್ತಿ, ಇನ್ನೊಂದರಲ್ಲಿ ಇಳಿದು, ಗೋಡೆಯ ಮರೆಯಲ್ಲಿ ತಲೆವಸ್ತ್ರ ಬದಲಿಸಿ ಮತ್ತೆ ಸಾಲಿಗೆ. ಗಂಡಸರಿಗೆ ಒಬ್ಬ ಲಾರಿ ಕ್ಲೀನರು ಹೀಗೇ ಎದೆ ಸಾಲ ಕೊಡುತ್ತಿದ್ದ. ಎಕ್ಸ್‌ರೇಯವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

"ಎಲ್ಲರಿಗೂ ನಂದೊಂದೇ ಎದೆ ಕಣ್ರೇ. ಸವೆದು ಹೋದ್ರೆ ಹೊಸದು ಕೊಡಿಸ್ತೀರಾ?" ಎಂದು ಚಹಾದವಳು ನಗುತ್ತಿದ್ದಳು. ನಾವೂ ನಗುತ್ತಿದ್ದೆವು, ಕೆಮ್ಮು ಬರುವವರೆಗೆ.

ಈ ವರ್ಷ ಅತ್ತಿಗೆಯ ಮಗಳೂ ಚೀಲ ತುಂಬಲು ಸೇರಿದಳು. ಅದೇ ಹೊತ್ತಿಗೆ ಒಂದು ಸುದ್ದಿ ಬಂತು. ಪುಡಿ ಮೇಲೇಳದ ಹಾಗೆ ನೀರು ಚಿಮ್ಮಿಸುವ ಯಂತ್ರವಿದೆಯಂತೆ, ಯೋಜನೆಯ ದುಡ್ಡಲ್ಲಿ ಮಿಲ್ಲುಗಳಿಗೆ ಹಾಕಿಸಿಕೊಡುತ್ತಾರಂತೆ. ಅತ್ತಿಗೆಗೆ ಜೀವ ಬಂದಂತಾಯಿತು.

"ನಂದು ಮುಗೀತು ಬಿಡ್ರೇ. ಇವಳ ಎದೆ ಉಳಿದ್ರೆ ಸಾಕು," ಎಂದಳು.

ವ್ಯಾನಿನ ಹಿಂದೆಯೇ ದೊಡ್ಡ ಸಾಹೇಬರು ಬಂದರು. ನಮ್ಮನ್ನು ಅಂಗಳದಲ್ಲಿ ಕೂರಿಸಿ ದಣಿಯ ಕೈಗೆ ಹೊಳೆಯುವ ಫಲಕ ಕೊಟ್ಟರು.

"ಮೊದಲ ವರ್ಷದ ಒಂದು ಕೇಸು ಬಿಟ್ರೆ ಇಷ್ಟು ವರ್ಷ ಈ ಮಿಲ್ಲಲ್ಲಿ ಒಬ್ಬರಿಗೂ ಕಾಯಿಲೆ ಇಲ್ಲ! ಕಾಯಿಲೆನೇ ಇಲ್ಲದ ಕಡೆ ತಡೆಯೋದೇನಿದೆ? ನೀರಿನ ಯಂತ್ರ ಇಲ್ಲಿಗೆ ಬೇಕಾಗಿಲ್ಲ."

ದಣಿ ಮೊದಲು ಚಪ್ಪಾಳೆ ತಟ್ಟಿದ. ಅತ್ತಿಗೆ ಎದ್ದು ನಿಂತಳು.

"ಸಾರ್, ಅದು ನಮ್ಮೆದೆ ಅಲ್ಲ."

"ಏನಮ್ಮಾ?"

ಅತ್ತಿಗೆ ಎಲ್ಲವನ್ನೂ ಹೇಳಿದಳು. ನಲ್ಲಿಗೆ ಹೋಗಿ ಮುಖ ತಿಕ್ಕಿ ತೊಳೆದು ಬಂದಳು. "ನೋಡಿ, ಇದು ನನ್ನ ಮುಖ. ಈಗ ನನ್ನ ಎದೆ ತೆಗೀರಿ."

ನಮಗೆ ಹೊಟ್ಟೆಗೆ ಕಲ್ಲು ಬೀಳುತ್ತದೆಂದು ಗೊತ್ತಿತ್ತು. ಆದರೂ ಒಬ್ಬೊಬ್ಬರೇ ಎದ್ದು ನಲ್ಲಿಯ ಕಡೆ ನಡೆದೆವು. ಗಂಡಸರೂ ಬಂದರು.

"ತೆಗೀರಿ ಸಾರ್, ಆಸೆ ಯಾಕೆ ಕೆಡಿಸ್ತೀರಿ," ಎಂದು ದಣಿ ನಕ್ಕ. ಅವನ ನಗು ನಮಗೆ ಆಗ ಅರ್ಥವಾಗಲಿಲ್ಲ.

ಸಂಜೆಗೆ ಎಲ್ಲರ ಎದೆಯೂ ಬಯಲಾಯಿತು. ಅತ್ತಿಗೆಯ ಮಗಳು ಮತ್ತು ಹೊಸದಾಗಿ ಸೇರಿದ ಇಬ್ಬರನ್ನು ಬಿಟ್ಟರೆ ಎಲ್ಲರಿಗೂ ಕಲೆ.

"ಸರ್ಕಾರಕ್ಕೇ ಮೋಸ ಮಾಡಿದ್ರಲ್ಲ!" ಸಾಹೇಬರು ಸಿಡುಕಿದರು.

"ತಪ್ಪಾಯ್ತು ಸಾರ್. ಈಗ ಗೊತ್ತಾಯ್ತಲ್ಲ, ಯಂತ್ರ ಹಾಕ್ಸಿ."

"ಅದು ಹೇಗಮ್ಮ ಆಗುತ್ತೆ? ಇದು ಕಾಯಿಲೆ ತಡೆಯೋ ದುಡ್ಡು. ನಿಮಗೆ ಆಗ್ಲೇ ಬಂದ್ಬಿಟ್ಟಿದೆ. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಪ್ರಯೋಜನ? ಬಂದವರದ್ದು ಬೇರೆ ಇಲಾಖೆ, ಅಲ್ಲಿ ಕೇಳಿ."

ದಣಿ ಫಲಕವನ್ನು ಕಂಕುಳಲ್ಲಿಟ್ಟುಕೊಂಡು ನಮ್ಮ ಕಡೆ ತಿರುಗಿದ. "ಕಲೆ ಇರೋರು ನಾಳೆಯಿಂದ ಬರಬೇಡಿ. ಅತ್ತಿಗೆ, ನಿನ್ನ ಮಗಳದು ಚೊಕ್ಕ ಇದೆ. ಅವಳನ್ನ ಕಳಿಸು."

ಬೆಳಿಗ್ಗೆ ಮಗಳು ಹಟ ಹಿಡಿದಳು. "ನಾನು ಹೋಗಲ್ಲಮ್ಮ."

ಒಲೆಯ ಮೇಲೆ ಬರೀ ನೀರಿತ್ತು. ಅತ್ತಿಗೆ ತನ್ನ ಹಳೆಯ ಬಟ್ಟೆ ಹರಿದು ಮಗಳ ಮೂಗು ಬಾಯಿಗೆ ತಾನೇ ಕಟ್ಟಿದಳು. ಕೈ ಹಿಡಿದು ಗೇಟಿನೊಳಗೆ ಬಿಟ್ಟಳು. ಹೆತ್ತ ಕೈಯಲ್ಲೇ ಈ ಕೆಲಸ ಮಾಡಿಸಿದರಲ್ಲ, ಅವರ ವಂಶ ಉರಿಯಲಿ ಎಂದು ನಾನು ಬಾಯಿಬಿಟ್ಟು ಶಪಿಸಿದೆ.

ನಾವೆಲ್ಲ ಗೇಟಿನ ಹೊರಗೆ ನಿಂತಿರುವಾಗ ದಣಿಯ ಲಾರಿ ಹೊಸ ಹೆಂಗಸರನ್ನೂ ಗಂಡಸರನ್ನೂ ತುಂಬಿಕೊಂಡು ಬಂತು. ಎಲ್ಲಿಯವರೋ, ಹೊಟ್ಟೆ ಬೆನ್ನಿಗೆ ಹತ್ತಿದವರು. ವ್ಯಾನು ಇನ್ನೂ ಅಲ್ಲೇ ಇತ್ತು, ರಾತ್ರಿ ದಣಿಯ ಮನೆಯಲ್ಲಿ ತಂಗಿದ್ದ ಸಾಹೇಬರೂ ಇದ್ದರು. ಅವರನ್ನು ಸಾಲಾಗಿ ಹತ್ತಿಸಿ ಇಳಿಸಿದರು. ಎಲ್ಲರ ಎದೆಯೂ ಚೊಕ್ಕ. ಈ ಸಲ ಯಾರೂ ಯಾರ ಬದಲೂ ನಿಂತಿರಲಿಲ್ಲ. ಮಿಲ್ಲಿನಲ್ಲಿ ಕಾಯಿಲೆಯಿಲ್ಲ ಎನ್ನುವುದು ಸತ್ಯವೇ ಆಗಿಹೋಯಿತು.

ಸಾಹೇಬರ ಕಾರು ಹೊರಟಿತು. ಅತ್ತಿಗೆ ಓಡಿಹೋಗಿ ಅಡ್ಡ ನಿಂತಳು. ಅಷ್ಟಕ್ಕೇ ಏದುಸಿರು. ಗಾಜು ಇಳಿಯಿತು.

"ಮತ್ತೇನಮ್ಮ?"

"ಸಾರ್, ನಮಗೆ ಬಂತು, ಹೋಗ್ಲಿ. ನನ್ನ ಮಗಳು ಒಳಗಿದ್ದಾಳೆ. ಆ ಹೊಸಬರಿದ್ದಾರೆ. ಅವರಿಗೆ ಇನ್ನೂ ಬಂದಿಲ್ಲ. ಈಗ ಹಾಕ್ಸಿ ಸಾರ್ ಯಂತ್ರ."

"ಬಂದಿಲ್ಲ ಅಂದ್ಮೇಲೆ ಯಾಕಮ್ಮ?"

ಗಾಜು ಏರಿತು. ಡ್ರೈವರ್ ಹಾರ್ನ್ ಒತ್ತಿದ. ಅತ್ತಿಗೆ ಕದಲಲಿಲ್ಲ; ಚಕ್ರದ ಮುಂದೆ ಮಣ್ಣಿನಲ್ಲಿ ಕೂತುಬಿಟ್ಟಳು. ಚಹಾದವಳು ಒಲೆ ಆರಿಸಿ ಬಂದು ಪಕ್ಕದಲ್ಲಿ ಕೂತಳು. ಆಮೇಲೆ ನಾವೆಲ್ಲ ಕೂತೆವು. ಕಾವಲಿನವರು ದೊಣ್ಣೆ ಹಿಡಿದು ಬಂದರು. ಯಾರೂ ಏಳಲಿಲ್ಲ.

ಒಳಗೆ ಮಿಲ್ಲು ಶುರುವಾಯಿತು.