ಕ್ಲಚ್ ಇಲ್ಲದ ಕಾರಿನಲ್ಲಿ ಹಜ್ಜಿಗೆ

ದಾದಿ ನನ್ನ ಬೂಟುಗಳ ಜೊತೆ ಮಾತಾಡುತ್ತಿದ್ದಳು. ಹೊರಗೆ ಕಾಣುತ್ತಿದ್ದದ್ದು ಅವೆರಡೇ. ಉಳಿದ ನಾನು ಕಾರಿನ ಕೆಳಗಿದ್ದೆ.

"ಅದೀಬ, ಹೊರಗ ಬಾ. ಹೊಂಟೀನಿ ನಾನು."

ನಾನು ಬರಲಿಲ್ಲ. ಕ್ಲಚ್ಚಿನ ಎಣ್ಣೆ ಒಂದೊಂದೇ ಹನಿ ನನ್ನ ಕಿವಿಯ ಪಕ್ಕ ಬೀಳುತ್ತಿತ್ತು. ಗರಾಜಿನ ಬಾಗಿಲು ಚಳಿಗೆ ಪೂರ್ತಿ ಮುಚ್ಚಿತ್ತು. ಅದರಾಚೆ ಡ್ರೈವ್‌ವೇನಲ್ಲಿ ಮೂರು ಗಾಡಿ, ನಮ್ಮ ಇಡೀ ಖಾನ್‌ದಾನು, ಸೂಟ್‌ಕೇಸು, ಗದ್ದಲ. ಬೀಬಿ ಜಾನ್, ಗದಗ ಬೆಟಗೇರಿಯಲ್ಲಿ ಮನೆಮನೆ ತಿರುಗಿ ಬಳೆ ತೊಡಿಸಿದವಳು, ನನ್ನ ಅಪ್ಪನ ತಾಯಿ, ಇವತ್ತು ಡೆಟ್ರಾಯಿಟ್‌ನಿಂದ ಹಜ್‌ಗೆ ಹೊರಟಿದ್ದಳು.

"ಬರೂದಿಲ್ಲಾ? ಹಂಗಾರ ಅಲ್ಲಿಂದನ ಕೇಳು. ಹಜ್‌ಗೆ ಹೋಗವ್ರು ಎಲ್ಲಾರ ಕಡೆ ಮಾಫಿ ಕೇಳ್ಕೊಂಡು ಹೋಗಬೇಕು. ಮನ್ಯಾಗ ಎಲ್ಲಾರನ್ನೂ ಕೇಳೀನಿ. ಪಕ್ಕದ ಮನೋಹರ್ ಅಂಕಲ್‌ನ ನಾಯೀನೂ ಬಿಟ್ಟಿಲ್ಲ. ನೀ ಒಬ್ಬ ಉಳದಿ."

ನಾನು ಕೈ ಚಾಚಿ ನೆಲದ ಮೇಲಿನ ರೇಡಿಯೋ ಜೋರು ಮಾಡಿದೆ.

ನಮ್ಮ ಮನೆ ಮಾತು ಉರ್ದು. ದಾದಿಗೂ ನನಗೂ ಮಾತ್ರ ಕನ್ನಡ. ಅವಳಿಗೆ ಅದು ವ್ಯಾಪಾರದ ಭಾಷೆ, ನನಗೆ ಶಾಲೆಯ ಭಾಷೆ. ಏಳನೇ ಕ್ಲಾಸು ಮುಗಿಸಿ ಇಲ್ಲಿಗೆ ಬಂದ ಮೇಲೂ ನಮ್ಮ ಗುಟ್ಟುಗಳೆಲ್ಲ ಅದರಲ್ಲೇ ನಡೆಯುತ್ತಿದ್ದವು. ನಾನು ಹೈಸ್ಕೂಲ್ ಬಿಟ್ಟು, ದಿನಾ ಬೆಳಿಗ್ಗೆ ಬ್ಯಾಗು ಹೆಗಲಿಗೇರಿಸಿ ಟೈರ್ ಅಂಗಡಿಗೆ ಹೋಗುತ್ತಿದ್ದ ಗುಟ್ಟೂ ಸಹ. ನನ್ನ ತಲೆ ಮುಟ್ಟಿ ಯಾರಿಗೂ ಹೇಳೋದಿಲ್ಲ ಅಂದಿದ್ದಳು. ಹೇಳಿದಳು. ಅಬ್ಬಾ, ಅಂದರೆ ನನ್ನ ಅಪ್ಪ, ಆಮ್ಲೆಟ್ಟಿಗೆ ಉಪ್ಪು ಕಮ್ಮಿಯಾದರೂ ಅರ್ಧ ಗಂಟೆ ಭಾಷಣ ಮಾಡುವ ವಾಹಿದ್ ಸಾಹೇಬರು, ಅಂದು ಅಂಗಳದಲ್ಲಿ ನೆರೆಯವರ ಮುಂದೆ ನನ್ನ ಬ್ಯಾಗನ್ನು ಕಸದ ಡಬ್ಬಕ್ಕೆ ಎಸೆದು ಒಳಗೆ ಹೋದರು. ಆಮೇಲೆ ನನ್ನ ಜೊತೆ ಒಂದಕ್ಷರ ಆಡಿಲ್ಲ. ಒಂದು ಬೇಸಿಗೆ ಹೋಯಿತು, ಒಂದು ಚಳಿಗಾಲ ಬಂತು.

ಹೊರಗೆ ಗಾಡಿಗಳ ಬಾಗಿಲು ಬಡಿದವು. ಎಂಜಿನ್ನುಗಳು ಶುರುವಾದವು. ಸದ್ದು ದೂರವಾಯಿತು.

ನಾನು ರೇಡಿಯೋ ಆರಿಸಿದೆ. ದಾದಿ ಅಲ್ಲೇ ನಿಂತಿದ್ದಳು.

"ಅವ್ರು ಹೋದ್ರು?" ಅಂದಳು.

ಆಗ ಹೊರಗೆ ಬಂದೆ. ಬಾಗಿಲೆತ್ತಿ ನೋಡಿದರೆ ಡ್ರೈವ್‌ವೇ ಖಾಲಿ, ಕೆಸರು ಹಿಮದಲ್ಲಿ ಮೂರು ಗಾಡಿಯ ಗುರುತು. ನಮ್ಮ ಜನ! ಅಬ್ಬಾನ ವ್ಯಾನಿನವರು ಅವಳು ಚಾಚಾನ ಕಾರಲ್ಲಿದ್ದಾಳೆ ಅಂದುಕೊಂಡಿರುತ್ತಾರೆ, ಚಾಚಾ ಅವಳು ಮನೋಹರ್ ಅಂಕಲ್ ಕಾರಲ್ಲಿ ಅಂತ, ಅಂಕಲ್ ವ್ಯಾನಿನಲ್ಲಿ ಅಂತ. ಹಾಜಿಯನ್ನು ಬೀಳ್ಕೊಡೋಕೆ ಊರೆಲ್ಲ ಹೋಯಿತು, ಹಾಜಿ ಗರಾಜಿನಲ್ಲಿ!

ಹೋದವರಲ್ಲಿ ಯಾರ ಹತ್ತಿರವೂ ಸೆಲ್ ಫೋನ್ ಇಲ್ಲ, ಅಬ್ಬಾ ಅದನ್ನ ದುಡ್ಡು ದಂಡ ಅನ್ನುತ್ತಾರೆ. ಟ್ಯಾಕ್ಸಿಗೆ ಫೋನ್ ಮಾಡಿದೆ. ನಮ್ಮ ನಾರ್ತ್‌ವಿಲ್ಲಿಗೆ ಬರೋಕೆ ಒಂದು ಗಂಟೆ ಅಂದರು. ಅಷ್ಟು ಹೊತ್ತಿಗೆ ವಿಮಾನದ ಬಾಗಿಲು ಮುಚ್ಚಿರುತ್ತದೆ. ಪಾಸ್‌ಪೋರ್ಟು, ಟಿಕೆಟ್ಟು ಎಲ್ಲ ಗುಂಪಿನ ನಾಯಕ ಕಲೀಮ್ ಸಾಹೇಬರ ಕೈಯಲ್ಲಿ. ಗುಂಪು ಹಾರಿದರೆ ಅವೂ ಹಾರುತ್ತವೆ. ಇವಳ ವಯಸ್ಸಿಗೆ ಮುಂದಿನ ವರ್ಷ ಅಂತ ಹೇಳುವ ಧೈರ್ಯ ಯಾರಿಗೂ ಇಲ್ಲ.

ದಾದಿ ನನ್ನ ಕಾರಿನ ಕಡೆ ನೋಡಿದಳು.

"ಇದು ನಡೀತೈತೇನ?"

"ಕ್ಲಚ್ ಸತ್ತೈತಿ."

"ನಿನ್ನೆ ಮನೀತನಕ ನಡದು ಬಂತಲ್ಲ. ಕಿಡಕ್ಯಾಗ ನೋಡೀನಿ."

ಈ ಕಾರಿನ ಬಗ್ಗೆ ಹೇಳಬೇಕು. ಬ್ರಿಟಿಷ್ ಕಾರು, ಅರವತ್ತೊಂಬತ್ತರದು, ಎರಡೇ ಸೀಟು, ಬಟ್ಟೆಯ ಟಾಪು. ಕಂಪನಿಯ ಹೆಸರು ಹೇಳೋದಿಲ್ಲ. ಹೇಳಿದರೆ ನಿಮ್ಮಲ್ಲೊಬ್ಬ ತನ್ನ ಚಿಕ್ಕಪ್ಪನ ಹತ್ತಿರವೂ ಒಂದಿತ್ತು ಅಂತ ಶುರು ಮಾಡುತ್ತಾನೆ. ಈ ಊರುಗಳಲ್ಲಿ ಪೆಟ್ರೋಲ್ ಹಾಕಿಸೋಕೆ ನಿಂತರೆ ಸಾಕು, ಪ್ರತಿಯೊಬ್ಬನಿಗೂ ಅಂಥ ಒಬ್ಬ ಚಿಕ್ಕಪ್ಪ. ಇಂಥ ಕಾರನ್ನು ಜನ ಅಕ್ಟೋಬರಿನಲ್ಲೇ ಹೊದಿಕೆ ಹಾಕಿ ಮಲಗಿಸುತ್ತಾರೆ. ನನಗೆ ಬೇರೆ ಕಾರಿಲ್ಲ. ಹಿಮ, ಉಪ್ಪು, ಮೈನಸ್ ಹತ್ತು ಡಿಗ್ರಿ ಚಳಿ, ಎಲ್ಲದರಲ್ಲೂ ದಿನಾ ಕೆಲಸಕ್ಕೆ ಹೋಗೋದು ಇದರಲ್ಲೇ. ತುಕ್ಕು ಹಿಡಿಯುತ್ತದೆ ಅನ್ನುತ್ತಾರೆ. ಹಿಡೀಲಿ. ನಿಂತು ಹಿಡಿಯೋದಕ್ಕಿಂತ ಓಡಿ ಹಿಡೀಲಿ.

ಕ್ಲಚ್ ಇಲ್ಲದೆಯೂ ಕಾರು ಓಡುತ್ತದೆ. ಓಡುವಾಗ ಎಂಜಿನ್ನಿನ ಸದ್ದು ಕೇಳಿಸಿಕೊಂಡು, ಸರಿಯಾದ ಕ್ಷಣಕ್ಕೆ ಕಾದು, ಗೇರನ್ನು ಒಳಗೆ ಜಾರಿಸಬೇಕು. ಕಷ್ಟ ಇರೋದು ನಿಂತಾಗ. ನಿಂತರೆ ಎಂಜಿನ್ ಆರಿಸಿ, ಫಸ್ಟ್ ಗೇರಿಗೆ ಹಾಕಿ, ಚಾವಿ ತಿರುಗಿಸಬೇಕು. ಆಗ ಸ್ಟಾರ್ಟರ್ ಇಡೀ ಕಾರನ್ನ ಕತ್ತು ಹಿಡಿದು ಮುಂದಕ್ಕೆ ದಬ್ಬುತ್ತದೆ. ಹಾಗೆ ದಬ್ಬಿದಾಗೆಲ್ಲ ಬ್ಯಾಟರಿ ಅಷ್ಟಷ್ಟು ಸಾಯುತ್ತದೆ. ನನ್ನ ಬ್ಯಾಟರಿ ಮೊದಲೇ ಅರೆಜೀವ.

ಜಾಕ್ ಇಳಿಸಿದೆ. ಎಂಜಿನ್ ಬಿಸಿಯಾಗಲು ಬಿಟ್ಟು, ದಾದಿಯನ್ನು ಸೀಟಿಗೆ ಇಳಿಸಿದೆ. ಇಳಿಸಿದೆ ಅಂದರೆ ನಿಜವಾಗಿ ಇಳಿಸೋದೇ, ಅಷ್ಟು ಕೆಳಗಿದೆ ಸೀಟು.

"ಸಣ್ಣ ಕೈಗೆ ಮಾಡಿದ ಬಳಿ ದಪ್ಪ ಕೈಗೆ ಏರಿಸಿದಂಗಾತು," ಅಂದಳು ಏದುಸಿರು ಬಿಡುತ್ತಾ. "ತೆಗಿಯೂ ಮುಂದ ಒಡಿಬ್ಯಾಡ, ಅಷ್ಟ."

"ಮಾತಾಡಬ್ಯಾಡ, ದಾದಿ. ಮುಂದ ಸಿಗ್ನಲ್ ನೋಡಿ ಹೇಳು. ಕೆಂಪಿದ್ರ ದೂರಿಂದನ ನಿಧಾನ ಮಾಡ್ತೀನಿ. ನಿಲ್ಲಬಾರದು."

ಕಣ್ಣಿನ ಆಪರೇಶನ್ ಆದ ಮೇಲೆ ಅವಳಿಗೆ ದೂರದ್ದು ಹದ್ದಿನ ಹಾಗೆ ಕಾಣುತ್ತದೆ. ಕಾರನ್ನು ಹಿಂದಕ್ಕೆ ರಸ್ತೆಗೆ ತಳ್ಳಿ, ಹಾರಿ ಕೂತು, ಎಂಜಿನ್ ಆರಿಸಿ, ಫಸ್ಟಿಗೆ ಹಾಕಿ ಚಾವಿ ತಿರುಗಿಸಿದೆ. ಕಾರು ಒದೆ ತಿಂದ ಕತ್ತೆಯ ಹಾಗೆ ಜಿಗಿಯಿತು. ದಾದಿ "ಬಿಸ್ಮಿಲ್ಲಾ" ಅಂದಳು.

ಏಟ್ ಮೈಲ್ ರಸ್ತೆ. ಒಳಗೆ ಉಸಿರಿಗೆ ಗಾಜೆಲ್ಲ ಮಂಜು. ಹೀಟರ್ ಹಾಕಿದರೆ ಬ್ಯಾಟರಿ ಹೋಗುತ್ತದೆ, ಹಾಕಲಿಲ್ಲ. ದಾದಿ ಹಜ್‌ಗೆಂದೇ ಹೊಲಿಸಿದ ಬಿಳೀ ದುಪಟ್ಟಾದ ತುದಿಯಿಂದ ಗಾಜು ಒರೆಸುತ್ತಾ ಒದರುತ್ತಿದ್ದಳು.

"ಕೆಂಪ! ಕೆಂಪೈತಿ! ಇನ್ನೂ ಕೆಂಪ!"

ಕಾಲು ತೆಗೆದೆ. ಕಾರು ತೆವಳಿತು. ಹಿಂದಿನವನು ಹಾರ್ನ್ ಹೊಡೆದ. ಹೊಡೀಲಿ.

"ಹಸರಾತು! ಹೊಡಿ!"

ಹೊಡೆದೆ. ಎರಡನೇ ಸಿಗ್ನಲ್ಲೂ ಹೀಗೇ ದಾಟಿತು. ಹ್ಯಾಗರ್ಟಿ ರಸ್ತೆಯದು ಮಾತ್ರ ಮುಖಕ್ಕೇ ಕೆಂಪಾಯಿತು. ಮುಂದೆ ಶಾಲೆ ಬಸ್ಸು. ನಿಲ್ಲಲೇಬೇಕಾಯಿತು. ನ್ಯೂಟ್ರಲ್, ಬ್ರೇಕು, ಎಂಜಿನ್ ಆಫ್, ಫಸ್ಟ್ ಗೇರ್.

ಪಕ್ಕದಲ್ಲೊಂದು ಪಿಕಪ್ ಟ್ರಕ್ ಬಂದು ನಿಂತಿತು. ಕಿಟಕಿ ಇಳಿಯಿತು. ಕೆಂಪು ಮೂಗಿನ ಮುದುಕ, ಮುಖದ ತುಂಬ ಖುಷಿ.

"ಎಷ್ಟರದು? ಅರವತ್ತೆಂಟಾ? ನನ್ನ ಚಿಕ್ಕಪ್ಪನ ಹತ್ರ ಇಂಥದ್ದೇ..."

"ಅರವತ್ತೊಂಬತ್ತು!" ಕೂಗಿದೆ.

"ಚಳಿಗಾಲದಲ್ಲಿ ಓಡಿಸ್ತೀಯ? ಪಾಪ ಬರುತ್ತೆ ಮಾರಾಯ!"

"ಏನಂತಾನ?" ಅಂದಳು ದಾದಿ.

"ಪಾಪ ಬರ್ತೈತಂತ!"

"ಅವಂಗೇನ್ ಗೊತ್ತು, ಪಾಪ ಕಳಕೊಳ್ಳಾಕ ಹೊಂಟೀವಿ. ಹಸರು!"

ಚಾವಿ ತಿರುಗಿಸಿದೆ. ಸ್ಟಾರ್ಟರ್ ನರಳಿತು. ಕಾರು ಒಂದು ಗೇಣು ಮುಂದೆ ಹೋಗಿ ನಿಂತಿತು. ಮತ್ತೆ ತಿರುಗಿಸಿದೆ. ಇನ್ನೊಂದು ಗೇಣು. ಹಿಂದೆ ಹಾರ್ನುಗಳ ಮೆರವಣಿಗೆ. ಸಿಟ್ಟಿಗೆ ಸ್ಟೀರಿಂಗ್ ಗುದ್ದಿದೆ, ಅದಕ್ಕೆ ಬಾಯಿಗೆ ಬಂದದ್ದು ಬೈದೆ, ಮೂರನೇ ಸಲ ತಿರುಗಿಸಿದೆ. ಕೆಮ್ಮಿ, ಜಿಗಿದು, ಹೊತ್ತಿಕೊಂಡಿತು.

"ಬೈಗಳ ಚೊಲೋ ಕಲ್ತೀ," ಅಂದಳು ದಾದಿ. "ಅದಕ್ಕೂ ಮಾಫಿ ಕೇಳ್ಕೊ."

ಹೆದ್ದಾರಿ ಸಿಕ್ಕಿತು. 275 ದಕ್ಷಿಣಕ್ಕೆ. ಇಲ್ಲಿ ಸಿಗ್ನಲ್ ಇಲ್ಲ. ನಾಲ್ಕನೇ ಗೇರಿಗೆ ಬಿದ್ದ ಮೇಲೆ ಉಸಿರು ಬಿಟ್ಟೆ. ಲಾರಿಗಳು ಪಕ್ಕದಲ್ಲಿ ಹಾದಾಗೆಲ್ಲ ಉಪ್ಪು ನೀರು ಬಟ್ಟೆಯ ಟಾಪಿನ ಹೊಲಿಗೆಯಿಂದ ತೂರಿ ದಾದಿಯ ಮಡಿಲಿಗೆ ಬೀಳುತ್ತಿತ್ತು. ಅವಳು ಒರೆಸಿಕೊಳ್ಳುವುದನ್ನೂ ಬಿಟ್ಟಳು.

"ಈಗ ಹೇಳ್ಲಿ?" ಅಂದಳು.

"ಬ್ಯಾಡ."

"ನಿಮ್ಮಪ್ಪಗ ಹೇಳಿದ್ದು ತಪ್ಪಲ್ಲ. ನಾಳಿಗೂ ಹೇಳ್ತೀನಿ. ಹುಡುಗ ಸಾಲಿ ಬಿಟ್ಟು ಟೈರ್ ತಿಕ್ಕಾಕ ಹೊಂಟಾನ ಅಂದ್ರ ಹಡೆದವ್ರಿಗೆ ಗೊತ್ತಿರಬೇಕು. ಆದರ ನಿನ್ನ ತಲಿ ಮುಟ್ಟಿ ಮಾತ ಕೊಟ್ಟಿದ್ದೆ. ಆ ಮಾತ ಮುರದೆ. ಅದಕ್ಕಷ್ಟ ಮಾಫಿ."

ಮೈ ಉರಿಯಿತು. "ಅರ್ಧ ಮಾಫಿ ಕೇಳ್ತಿ?"

"ತಪ್ಪ ಮಾಡಿದ್ದು ಅರ್ಧ. ಪೂರ್ತಿ ಹೆಂಗ ಕೇಳ್ಲಿ? ಅದು ಸುಳ್ಳಾಗ್ತೈತಿ."

"ಅವ್ರು ಬ್ಯಾಗು ಕಸದಾಗ ಒಗದಾಗ ನೀ ಬಾಗಿಲದಾಗ ನಿಂತಿದ್ದಿ. ಒಂದ್ ಮಾತಾಡಿದ್ಯಾ? ಆ ಮನಿಯೊಳಗ ನಾನೊಂದು ಕುರ್ಚಿ ಅದೀನಿ ಈಗ. ಕುರ್ಚಿಗಾದ್ರ ಅತ್ಲಾಗ ಸರಿ ಅಂತ ಒಂದ್ ಮಾತಾಡ್ತಾರ! ಮಾಫಿ ಇಲ್ಲ. ಹೋಗು. ನಿನ್ನ ಹಜ್‌ಗೆ ಕೊಂಡೊಯ್ಯಾಕತ್ತೀನಿ, ಅಷ್ಟ ಸಾಕು."

ಅವಳು ಒದ್ದೆ ದುಪಟ್ಟಾದ ತುದಿಗೆ ಗಂಟು ಹಾಕಿದಳು. ಬಳೆ ಮಾರುವವಳು ಗಂಟು ಕಟ್ಟಿದರೆ ವ್ಯಾಪಾರ ಮುಗಿಯಿತು ಅಂತ ಅರ್ಥ.

ಆ ಹೊತ್ತಿಗೆ ಎದುರು ರಸ್ತೆಯಲ್ಲಿ, ಉತ್ತರಕ್ಕೆ, ಒಂದು ಹಸಿರು ವ್ಯಾನ್ ಹುಚ್ಚು ವೇಗದಲ್ಲಿ ಹೋಯಿತು. ಅಬ್ಬಾ. ಸ್ಟೀರಿಂಗಿಗೆ ಎದೆ ಹಚ್ಚಿ ಕೂತಿದ್ದರು. ತಾಯಿಯನ್ನು ಹುಡುಕಿಕೊಂಡು ಮನೆಗೆ. ಹಾರ್ನ್ ಒತ್ತಿದೆ. ನನ್ನ ಹಾರ್ನು ಕುರಿಮರಿಯ ದನಿ. ನಡುವೆ ಹಿಮದ ಹಳ್ಳ. ವ್ಯಾನು ಹೋಯಿತು.

"ವಾಹಿದ್ ಅಲ್ಲ?" ಅಂದಳು.

"ನಿಲ್ಲಾಕ ಬರೂದಿಲ್ಲ ದಾದಿ."

"ನಿಲ್ಲಬ್ಯಾಡ."

ಮೆರಿಮನ್ ರಸ್ತೆಯ ಎಕ್ಸಿಟ್. ಒಂದು ಸಿಗ್ನಲ್, ಹಸಿರೇ ಇತ್ತು. ಇನ್ನೊಂದು ಹಳದಿಯಾಗುತ್ತಿತ್ತು, ಹೋಗೇಬಿಟ್ಟೆ. ಟರ್ಮಿನಲ್ ಮುಂದೆ ಕಾರುಗಳ ಸಾಲು, ಡಿಕ್ಕಿಗಳು ತೆರೆದು ನಿಂತಿದ್ದವು. ಸಂದಿ ನೋಡಿ ನುಗ್ಗಿಸಿ, ನ್ಯೂಟ್ರಲ್‌ಗೆ ಎಳೆದು ನಿಲ್ಲಿಸಿದೆ. ಎಂಜಿನ್ ಎರಡು ಸಲ ನಡುಗಿ, ತಾನೇ ಆರಿಹೋಯಿತು.

ತಂಗಿ ಜುವೇರಿಯಾ ಗಾಜಿನ ಬಾಗಿಲಿಂದ ಓಡಿ ಬಂದಳು. "ದಾದಿ! ಓ ಮೈ ಗಾಡ್, ಎಲ್ಲರೂ ಅಳ್ತಿದಾರೆ! ಅಬ್ಬಾ ಮನೆಗೆ ವಾಪಸ್ ಹೋದ್ರು!"

ಅವಳ ಹಿಂದೆ ಕಲೀಮ್ ಸಾಹೇಬರು, ಕೈಯಲ್ಲಿ ಪಾಸ್‌ಪೋರ್ಟಿನ ಚೀಲ, ಅವರ ಹಿಂದೆ ನಾಲ್ಕೈದು ಗಡ್ಡದ ಹಾಜಿಗಳು. ಇಬ್ಬರು ಸೇರಿ ದಾದಿಯನ್ನು ಸೀಟಿನಿಂದ ಕಿತ್ತರು. ಅವಳು ನೆಟ್ಟಗೆ ನಿಂತು, ದುಪಟ್ಟಾ ನೋಡಿಕೊಂಡಳು. ಬಿಳಿ ಹೋಗಿ ರಸ್ತೆಯ ಬಣ್ಣ ಬಂದಿತ್ತು. ಆಮೇಲೆ ನನ್ನ ಕಿಟಕಿಗೆ ಬಗ್ಗಿದಳು.

"ನೀ ಅನ್ನಲಿಲ್ಲ," ಅಂದಳು. "ಇರ್ಲಿ. ಒತ್ತಾಯ ಮಾಡಿ ಇಸಗೊಂಡ ಮಾಫಿ ನಡಿಯೂದಿಲ್ಲ. ಅಲ್ಲೇ ಹೋಗಿ ಅಲ್ಲಾನ್ನ ಕೇಳ್ತೀನಿ, ಈ ಹುಡುಗನ ಸಿಟ್ಟು ಇಳಸು ಅಂತ."

ಪೊಲೀಸಿನವನು ಬಂದು ನನ್ನ ಬಾನೆಟ್ ಬಡಿದ. ಇಲ್ಲಿ ನಿಲ್ಲಿಸುವಂತಿಲ್ಲ, ನಡಿ, ನಡಿ. ಚಾವಿ ತಿರುಗಿಸಿದೆ. ಟಕ್. ಇನ್ನೊಂದು ಸಲ. ಟಕ್. ಬ್ಯಾಟರಿ ಪೂರ್ತಿ ಸತ್ತಿತ್ತು.

"ಟೋ ಟ್ರಕ್ ಕರೀತೀನಿ," ಅಂದ ಪೊಲೀಸ್.

"ತಳ್ಳಬೇಕು!" ನಾನು ಕೂಗಿದೆ. "ತಳ್ಳಿದರೆ ಹತ್ತುತ್ತೆ!"

ಕಲೀಮ್ ಸಾಹೇಬರು ಪಾಸ್‌ಪೋರ್ಟಿನ ಚೀಲವನ್ನು ಜುವೇರಿಯಾಳ ಕೈಗೆ ತುರುಕಿ ತೋಳು ಮಡಚಿದರು. "ಬನ್ನಿ ಸಾಹೇಬ್ರೆ, ಬನ್ನಿ. ಇದೂ ಸವಾಬೇ, ಪುಣ್ಯದ ಕೆಲಸ."

ಹಾಜಿಗಳು ಹಿಂದೆ ಸೇರಿದರು. ಕಾರು ಅಲುಗಿತು, ಉರುಳಿತು. ನಾನು ಸೆಕೆಂಡ್ ಗೇರಿನ ಮೇಲೆ ಕೈಯಿಟ್ಟು ವೇಗಕ್ಕೆ ಕಾಯುತ್ತಿದ್ದೆ. ಕನ್ನಡಿ ನೋಡಿದೆ. ಗಡ್ಡಗಳ ನಡುವೆ ಒಂದು ಕೊಳಕು ಬಿಳಿ ದುಪಟ್ಟಾ. ದಾದಿ. ಡಿಕ್ಕಿಯ ಮೇಲೆ ಎರಡೂ ಅಂಗೈ ಊರಿ, ಹಲ್ಲು ಕಚ್ಚಿ, ಹಿಮದ ಕೆಸರಿನಲ್ಲಿ ಚಪ್ಪಲಿ ಜಾರಿಸುತ್ತಾ ತಳ್ಳುತ್ತಿದ್ದಳು. ಐವತ್ತು ವರ್ಷ ಗದಗಿನ ಹೆಂಗಸರ ಮುಷ್ಟಿ ಹಿಚುಕಿದ ಕೈ. ಆ ಕೈಗಳೇ ನನ್ನ ತಲೆಯನ್ನೂ ಮುಟ್ಟಿದ್ದು.

ಗೇರು ಒಳಗೆ ಜಾರಿತು. ಕಾರು ಗಕ್ಕನೆ ಹಿಡಿದು, ಗುಡುಗಿ, ಮುಂದಕ್ಕೆ ಹಾರಿತು. ಇನ್ನು ನಿಲ್ಲುವಂತಿರಲಿಲ್ಲ. ನಿಂತರೆ ಮುಗಿಯಿತು. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಒದರಿದೆ.

"ದಾದೀ! ಕೈ ತೆಗಿ, ಬೀಳ್ತಿ! ಮಾಫ್! ಕೇಳಿಸ್ತಾ? ಮಾಫ್ ಮಾಡೀನಿ! ಅರ್ಧ ಅಲ್ಲ, ಪೂರ್ತಿ! ಒಳಗ ಹೋಗ ಇನ್ನ!"

ಬೈದ ಹಾಗೇ ಬಂತು ಅದು. ನನಗೆ ಬೇರೆ ದನಿ ಇಲ್ಲ. ಪೊಲೀಸಿನವನಂತೂ ಜಗಳ ಅಂದುಕೊಂಡಿರಬೇಕು, ಬೆಲ್ಟಿಗೆ ಕೈ ಹಾಕಿದ.

ವಿಮಾನ ನಿಲ್ದಾಣದ ರಸ್ತೆ ಸುತ್ತು ಹಾಕಿ ಮತ್ತೆ ಅಲ್ಲಿಗೇ ಬರುತ್ತದೆ. ಅದೊಂದು ಪುಣ್ಯ. ಸುತ್ತಿ ಬಂದೆ. ಹಾಜಿಗಳಿರಲಿಲ್ಲ. ಕಲೀಮ್ ಸಾಹೇಬರಿರಲಿಲ್ಲ. ಜುವೇರಿಯಾ ಒಬ್ಬಳೇ, ಖಾಲಿ ಕೈಯಲ್ಲಿ, ಅಂಚಿನಲ್ಲಿ ನಿಂತಿದ್ದಳು. ನಾನು ನಿಲ್ಲಿಸುವುದಿಲ್ಲ ಅಂತ ಗೊತ್ತಾಗಿ, ಕಾರಿನ ಪಕ್ಕ ಓಡುತ್ತಾ ಕೂಗಿದಳು.

"ಹೋದ್ರು! ಗೇಟಿಗೆ ಓಡಿಸ್ಕೊಂಡ್ ಹೋದ್ರು, ವಿಮಾನ ಸಿಗುತ್ತೆ! ದಾದಿ ಹೇಳಿದ್ಲು..." ಉಸಿರು ಹಿಡಿದುಕೊಂಡಳು. "ಬೈಗಳ ಬ್ಯಾಡಂದಿದ್ದೆ, ಆದ್ರ ಇದೊಂದು ಚೊಲೋ ಬೈದ ಅಂತ!"

"ಅಬ್ಬಾಗೆ ಫೋನ್ ಮಾಡು! ಮನೀಗೆ!"

"ನೀನೇ ಹೋಗಿ ಹೇಳು!" ಅಂದು ನಿಂತುಬಿಟ್ಟಳು.

ನಾನು ಉತ್ತರಕ್ಕೆ ತಿರುಗಿದೆ. ಇಪ್ಪತ್ತು ಚಿಲ್ಲರೆ ಮೈಲಿ, ಸತ್ತ ಬ್ಯಾಟರಿ, ಇಲ್ಲದ ಕ್ಲಚ್ಚು, ಪಕ್ಕದ ಸೀಟಿನಲ್ಲಿ ಸಿಗ್ನಲ್ ನೋಡಿ ಹೇಳುವವರು ಯಾರೂ ಇಲ್ಲ. ಮನೆಯಲ್ಲಿ ಅಬ್ಬಾ ಕೋಣೆಕೋಣೆ ತಿರುಗಿ ತಾಯಿಯನ್ನು ಕೂಗುತ್ತಿರುತ್ತಾರೆ. ಉತ್ತರ ನನ್ನ ಹತ್ತಿರ ಮಾತ್ರ ಇದೆ. ಈಗ ಅವರು ಬಾಯಿ ಬಿಟ್ಟು ನನ್ನನ್ನ ಕೇಳಲೇಬೇಕು.

ಹೇಳುತ್ತೇನೆ. ಮಾಫಿಯ ವಿಷಯ ಬೇರೆ. ಅದನ್ನ ಅವರು ಹಜ್‌ಗೆ ಹೊರಟಾಗ ನೋಡೋಣ.