ನೀಲವ್ವನ ಎದೆಯೊಳಗಿನ ತಂತಿ

ನಾನು ಒಂದು ತಂತಿ. ಶಾವಿಗೆಗಿಂತ ತುಸು ದಪ್ಪ, ಎರಡು ಗೇಣು ಉದ್ದ. ದೂರದ ಕಾರ್ಖಾನೆಯೊಂದರಲ್ಲಿ ಮಾಸ್ಕ್ ತೊಟ್ಟ ಹೆಂಗಸರು ಭೂತಗನ್ನಡಿಯಡಿ ನನ್ನನ್ನು ಸುರುಳಿ ಸುತ್ತಿದರು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನನ್ನನ್ನು ನೀಲವ್ವನ ಎದೆಯ ರಕ್ತನಾಳದೊಳಗೆ ಇಳಿಸಿದರು. ನಿದ್ದೆ ಹತ್ತಿದರೆ ಉಸಿರಾಡುವುದನ್ನೇ ಅವಳ ಮೆದುಳು ಮರೆಯುತ್ತಿತ್ತು. ಚರ್ಮದಡಿಯ ಬ್ಯಾಟರಿ ಪೆಟ್ಟಿಗೆಯಿಂದ ಬರುವ ಮಿಡಿತವನ್ನು ಉಸಿರಿನ ನರಕ್ಕೆ ಮುಟ್ಟಿಸುವುದು ನನ್ನ ಕೆಲಸ.

ನನಗಿಂತ ಮೊದಲು ಆ ಕೆಲಸ ಅವಳ ಗಂಡ ದ್ಯಾಮಣ್ಣನದು. ರೈಲ್ವೆ ಗೇಟು ಕಾಯ್ದು ನಿವೃತ್ತನಾದವನು; ನಿದ್ದೆಗೆಡುವುದು ರೂಢಿ. ಉಸಿರು ನಿಂತೊಡನೆ ಅವಳ ಹೆಗಲು ಅಲುಗಿಸಿ, “ಏ ನೀಲಾ, ಉಸಿರು ತೊಗೊ” ಅನ್ನುತ್ತಿದ್ದನಂತೆ. ನಾನು ಬಂದ ಮೇಲೆ ಹಾಸಿಗೆ ಸುತ್ತಿಕೊಂಡು ಪಡಸಾಲೆಗೆ ಹೋದ.

“ನನ್ನ ಡ್ಯೂಟಿ ಮುಗೀತು” ಎಂದು ನಕ್ಕ. ಅವಳೂ ನಕ್ಕಳು. ನಕ್ಕಾಗ ಎದೆ ಕುಣಿಯುತ್ತದೆ. ಅಂದು ಕುಣಿಯಲಿಲ್ಲ. ಅದು ಗೊತ್ತಾದದ್ದು ನನಗೆ ಮಾತ್ರ.

ಐದು ವರ್ಷ ದುಡಿದೆ. ಅವಳಿಗೆ ಒಳ್ಳೆಯ ನಿದ್ದೆ ಬಂತು. ಆದರೂ ಮಲಗುವ ಮುಂಚೆ ಅವಳ ಬಲಗೈ ಎಡ ಹೆಗಲ ಮೇಲೆ ಬಂದು ಕೂರುತ್ತಿತ್ತು, ಅವನ ಕೈ ಇರುತ್ತಿದ್ದ ಜಾಗದಲ್ಲಿ.

ಬಾಗಿ ಬಾಗಿ ಸವೆದ ನಾನು ಒಂದು ರಾತ್ರಿ ಒಳಗೇ ಮುರಿದೆ. ಉಸಿರು ಮತ್ತೆ ನಿಂತಿತು. ಆ ನಿಶ್ಶಬ್ದಕ್ಕೇ ಎಚ್ಚರಾಗಿ ದ್ಯಾಮಣ್ಣ ಓಡಿ ಬಂದ. ಕೈ ಹೆಗಲಿಗೆ ಬಂತು. ಅಂದಿನಿಂದ ರಾತ್ರಿಯಿಡೀ ಅವಳ ಪಕ್ಕದಲ್ಲೇ ಕೂತು ಕಾಯ್ದ.

“ನಾಳೆನ ಡಾಕ್ಟರ್ ಕಡೆ ಹೋಗೂಣು.”

“ಅಮಾಸಿ ಮುಗೀಲಿ ತಡೀರಿ.”

ಅಮಾವಾಸ್ಯೆ ಮುಗಿಯಿತು. “ಹಪ್ಪಳ ಒಣಗಲಿ” ಎಂದಳು.

“ಹಪ್ಪಳಕ್ಕಿಂತ ಮೊದಲ ನೀನ ಒಣಗಾಕತ್ತೀಯಲ್ಲ!”

ನಾನು ಕೆಟ್ಟದ್ದೇ ಅವಳಿಗೆ ಹಬ್ಬವಾಗಿತ್ತು.

ಹನ್ನೊಂದನೆಯ ರಾತ್ರಿ ದ್ಯಾಮಣ್ಣನಿಗೆ ಕೂತಲ್ಲೇ ಜೋಂಪು ಹತ್ತಿತು. ಅವಳ ಉಸಿರು ನಿಂತಿತು. ಕೈ ಹೆಗಲ ಮೇಲೇ ಇತ್ತು, ಅಲುಗಲಿಲ್ಲ. ನಾನು ಸುಮ್ಮನೆ ಬಿದ್ದಿದ್ದೆ. ಬಹಳ ಹೊತ್ತಿಗೆ ಅವಳು ತಾನೇ ಏದುಸಿರು ಬಿಡುತ್ತ ಎದ್ದಳು, ಗಂಡನತ್ತ ತಿರುಗಿದಳು. ಹತ್ತು ರಾತ್ರಿ ನಿದ್ದೆಗೆಟ್ಟ ಅವನ ಮುಖ ನನಗೆ ಕಾಣಲಿಲ್ಲ. ಅದನ್ನು ಕಂಡು ಅವಳ ಎದೆ ಧಸಕ್ಕೆಂದದ್ದು ತಿಳಿಯಿತು. ಹೆಗಲ ಮೇಲಿನ ಕೈಯನ್ನು ಮೆಲ್ಲಗೆ ಇಳಿಸಿ ಅವನಿಗೆ ಹೊದಿಸಿದಳು. ಮತ್ತೆ ಮಲಗಲಿಲ್ಲ.

ಬೆಳಗಾಗುತ್ತಲೇ, “ಏಳ್ರಿ, ಹುಬ್ಬಳ್ಳಿಗೆ ಹೋಗೂಣು” ಎಂದಳು.

ಆಪರೇಷನ್ ಕೋಣೆಯ ಬಾಗಿಲಲ್ಲಿ ಅವನಿಗೆ ಹೇಳಿದಳು: “ಹೊಸಾ ತಂತಿ ಹಾಕಿದ ಮ್ಯಾಲೂ ಒಳಗ ಮಲಕೋರಿ.”

“ಗೇಟು ತಾನ ಬೀಳೂದಾದ ಮ್ಯಾಲೆ ಗೇಟ್‌ಮ್ಯಾನ್ ಯಾಕ?”

“ಗೇಟಿಗಲ್ಲರಿ. ನನಗ.”

ಅವನ ನಗು ನಿಂತಿತು. ಏನೋ ಹೇಳಲು ಹೊರಟ. ಅಷ್ಟರಲ್ಲಿ ಬಾಗಿಲು ಮುಚ್ಚಿತು.

ನನ್ನನ್ನು ಹೊರಗೆಳೆದು ಹೊಸ ತಂತಿ ಇಳಿಸಿದರು. ಈಗ ನಾನು ಡಾಕ್ಟರರ ಮೇಜಿನ ಮೇಲೆ ಗಾಜಿನ ಶೀಶೆಯಲ್ಲಿದ್ದೇನೆ. ಬಂದ ರೋಗಿಗಳಿಗೆ ನನ್ನನ್ನು ತೋರಿಸುತ್ತಾರೆ. ನೀಲವ್ವ ಚೆನ್ನಾಗಿ ಉಸಿರಾಡುತ್ತಿದ್ದಾಳಂತೆ. ಅಷ್ಟು ಕೇಳಿದೆ. ರಾತ್ರಿ ಅವಳ ಬಲಗೈ ಎಲ್ಲಿರುತ್ತದೆ ಎಂದು ಯಾರೂ ಹೇಳುವುದಿಲ್ಲ.