ಬಾಬಿನ್‌ಗೆ ಮೂರು ಕಾಲು ಸಾಕು

ಬೀದಿಯಲ್ಲಿ ಬೆಕ್ಕಿಗೆ ಗಾಡಿ ತಗುಲಿದರೆ ನಾವೇನು ಮಾಡುತ್ತೇವೆ? ನಿಂತು ನೋಡುತ್ತೇವೆ. "ಅಯ್ಯೋ ಪಾಪ" ಅನ್ನುತ್ತೇವೆ. ನಮ್ಮ ಪಾಡಿಗೆ ನಾವು ಹೋಗುತ್ತೇವೆ. ಪಾಪ ಅಂದ ಮಾತ್ರಕ್ಕೆ ಮುರಿದ ಮೂಳೆ ಕೂಡಿಕೊಳ್ಳುವುದಿಲ್ಲ.

ಟೈಲರನ ಹೆಂಡತಿ ಹಾಗೆ ಮಾಡಲಿಲ್ಲ. ಮನೆಯ ಮುಂದಿನ ಕೋಣೆಯಲ್ಲೇ ಇದ್ದ ಅಂಗಡಿಯ ಎದುರಿಗೇ ಅವರ ಬೆಕ್ಕು ಬಾಬಿನ್ ಮೇಲೆ ಸ್ಕೂಟರ್ ಹರಿಯಿತು. ಗಂಡ ಬಟ್ಟೆ ಖರೀದಿಗೆಂದು ಬೇರೆ ಊರಿಗೆ ಹೋಗಿದ್ದ. ಅವಳು ಅಳತೆ ಕೊಡಲು ಬಂದ ಗಿರಾಕಿಗಳನ್ನು ಅಲ್ಲೇ ಬಿಟ್ಟು, ಬೆಕ್ಕನ್ನು ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿಕೊಂಡು ಪಶು ಆಸ್ಪತ್ರೆಗೆ ಓಡಿದಳು. ಎಡಗಡೆಯ ಹಿಂಗಾಲು ಪುಡಿಪುಡಿ.

"ಕಾಲು ಉಳಿಸೋಕೆ ಹೋದರೆ ಬೆಕ್ಕು ಉಳಿಯಲ್ಲ" ಅಂದರು ಡಾಕ್ಟರು.

"ಹಾಗಾದರೆ ಬೆಕ್ಕು ಉಳಿಸಿ" ಅಂದಳು ಅವಳು.

ಫೋನಿನಲ್ಲಿ ಹೇಳಿದರೆ ಗಂಡ ಅಲ್ಲಿಂದಲೇ ಕೂಗಾಡುತ್ತಾನೆ ಎಂದು ಹೇಳಲಿಲ್ಲ. ಅವನು ಬಂದ ಮೇಲೆ ಮನೆಯಲ್ಲೇ ಕೂಗಾಡಿದ. ಟೈಲರನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅನ್ನುವುದು ಬೀದಿಗೆಲ್ಲ ಗೊತ್ತು.

"ಯಾರನ್ನ ಕೇಳಿ ಕಾಲು ಕತ್ತರಿಸಿದ್ರಿ?"

"ಬೆಕ್ಕನ್ನ ಕೇಳಿದೆ. ಮಿಯಾಂವ್ ಅಂತು" ಅಂದಳು ಹೆಂಡತಿ.

ಅವನು ಪೆಟ್ಟಿಗೆಯೊಳಗೆ ಬಗ್ಗಿ ನೋಡಿದ. ಸೊಂಟದ ಒಂದು ಕಡೆ ಕೂದಲು ಬೋಳಿಸಿದ್ದರು. ಕಾಲು ಇರಬೇಕಾದ ಜಾಗದಲ್ಲಿ ಬರೀ ಹೊಲಿಗೆ. ಕೊರಳಿಗೆ ಆಲಿಕೆಯಂಥ ಪ್ಲಾಸ್ಟಿಕ್ ಪಟ್ಟಿ. ಬಾಬಿನ್ ಏಳಲು ನೋಡಿತು, ಪಟ್ಟಿ ಗೋಡೆಗೆ ಬಡಿಯಿತು, ದೊಪ್ಪನೆ ಬಿತ್ತು. ಟೈಲರ್ ಮುಖ ತಿರುಗಿಸಿದ. ಈ ಬೆಕ್ಕು ಅವನ ಕತ್ತರಿಸುವ ಮೇಜಿನ ಮೇಲೆ, ಅವನ ಟೇಪಿನ ಮೇಲೆಯೇ ಮಲಗಿ ಬೆಳೆದದ್ದು. ಆ ಮೇಜಿಗೆ ಒಂದೇ ನೆಗೆತಕ್ಕೆ ಹಾರುತ್ತಿದ್ದದ್ದು.

"ಕೇಳಿ ಇಲ್ಲಿ" ಅಂದ. "ಸ್ಕೂಲ್ ಯೂನಿಫಾರ್ಮ್ ಆರ್ಡರ್ ಮುಗಿಯೋ ತನಕ ನೋಡ್ತೀನಿ. ಅಷ್ಟರಲ್ಲಿ ಇದು ತಾನಾಗಿ ಎದ್ದು ಓಡಾಡಿದರೆ ಸರಿ. ಇಲ್ಲದಿದ್ದರೆ ನಾನೇ ಒಯ್ದು ಮತ್ತೆ ಏಳದ ಹಾಗೆ ನಿದ್ದೆ ಮಾಡಿಸೋ ಸೂಜಿ ಹಾಕಿಸ್ತೀನಿ. ತೆವಳೋ ಬೆಕ್ಕನ್ನ ನೋಡ್ತಾ ಕೂರೋಕೆ ನನ್ನ ಕೈಲಾಗಲ್ಲ."

ಮೂಲೆಯಲ್ಲಿ ಗುಂಡಿ ಹಾಕುತ್ತಿದ್ದ ಅವನ ಅಮ್ಮ ತಲೆ ಎತ್ತಿದಳು. "ಹುಟ್ಟಿದಾಗಿನಿಂದ ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ಹಟ ಮಾಡಿಕೊಂಡು ಬಂದೋನು ನೀನು. ಈಗ ನಿಜವಾಗಿಯೂ ಮೂರು ಕಾಲಿಂದು ಮನೆಗೆ ಬಂದರೆ ಬೇಡ ಅಂತೀಯಾ? ನನಗೂ ಮಂಡಿ ನೋವು ಕಣಪ್ಪ, ನಾನೂ ತೆವಳ್ತೀನಿ. ಸೂಜಿಗೆ ನನ್ನನ್ನೂ ಜೊತೆಗೆ ಕರ್ಕೊಂಡು ಹೋಗು."

ಆದರೆ ಟೈಲರ್ ಹೇಳಿದ ಮಾತನ್ನು ಹಿಂದೆ ತೆಗೆದುಕೊಳ್ಳುವವನಲ್ಲ.

ಮರುದಿನ ಬೆಳಿಗ್ಗೆ ಬೆಳಕಿಗೆ ಹಿಡಿದು ಗಾಯ ನೋಡಿದ. ನೋಡಿದವನೇ ಉರಿದುಬಿದ್ದ.

"ಇದೊಂದು ಹೊಲಿಗೆನಾ? ಅಲ್ಲೊಂದು ಗಂಟು, ಇಲ್ಲೊಂದು ಗಂಟು. ದಾರದ ತುದಿ ಎಲ್ಲಾ ಹಾಗೇ ಬಿಟ್ಟಿದ್ದಾರೆ! ನಾನು ಹೀಗೆ ಹೊಲಿದರೆ ಗಿರಾಕಿ ಬಟ್ಟೆನ ಮುಖಕ್ಕೆ ಎಸೀತಾರೆ. ಅದಕ್ಕೇ ಪಾಪದ್ದು ತಿರುತಿರುಗಿ ಅಲ್ಲಿಗೇ ಬಾಯಿ ಹಾಕೋಕೆ ಹೋಗ್ತಿದೆ, ಚುಚ್ಚುತ್ತೆ." ಸಣ್ಣ ಕತ್ತರಿ ತೆಗೆದುಕೊಂಡ. ದಾರದ ತುದಿಗಳನ್ನು ಗಂಟಿನ ಬುಡಕ್ಕೇ ನೀಟಾಗಿ ಕತ್ತರಿಸಿಬಿಡೋಣ ಎಂದು ಕೂತ.

"ಕತ್ತರಿ ಕೆಳಗಿಡಿ, ಟೈಲರಣ್ಣ!"

ಬಾಗಿಲಲ್ಲಿ ಸೂಜಿಯಕ್ಕ ನಿಂತಿದ್ದಳು. ಪಶು ಆಸ್ಪತ್ರೆಯ ನರ್ಸ್, ಪಕ್ಕದ ಮನೆಯವಳು. ಬೀದಿಯ ನಾಯಿ, ಬೆಕ್ಕು, ಕರು ಎಲ್ಲದಕ್ಕೂ ಸೂಜಿ ಹಾಕಿ ಹಾಕಿ ಆ ಹೆಸರು ಬಂದಿತ್ತು.

"ಹೊಲಿಗೆ ಬಗ್ಗೆ ನನಗೆ ಹೇಳ್ತೀಯೇನಮ್ಮ?"

"ಬಟ್ಟೆ ಹೊಲಿಗೆ ನಿಮ್ಮದು, ಚರ್ಮದ ಹೊಲಿಗೆ ನಮ್ಮದು. ಬಟ್ಟೆ ಊದ್ಕೊಳ್ಳಲ್ಲ, ಚರ್ಮ ಊದ್ಕೊಳ್ಳುತ್ತೆ. ಅದಕ್ಕೇ ಒಂದೊಂದೂ ಬೇರೆ ಗಂಟು. ಒಂದು ಬಿಚ್ಚಿದರೂ ಉಳಿದದ್ದು ಹಿಡಿದಿರುತ್ತೆ. ತುದಿ ಬಿಟ್ಟಿರೋದು ಗಂಟು ಜಾರದ ಹಾಗೆ, ಆಮೇಲೆ ಡಾಕ್ಟರು ಹಿಡಿದು ತೆಗೆಯೋಕೆ. ನೀವು ಕತ್ತರಿ ಆಡಿಸಿದ್ದರೆ ಗಾಯ ಬಾಯಿ ಬಿಡ್ತಿತ್ತು."

ಟೈಲರ್ ಕತ್ತರಿ ಕೆಳಗಿಟ್ಟ. ಆದರೆ ಬಾಯಿ ಕೆಳಗಿಡಲಿಲ್ಲ. "ಸರಿ, ನೋವು ತಿಂತಿದೆಯಲ್ಲ, ಅದಕ್ಕೇನು? ನನ್ನ ಬೆನ್ನುನೋವಿನ ಮಾತ್ರೆ ಇದೆ, ಕಾಲು ಭಾಗ ಪುಡಿ ಮಾಡಿ ಕೊಡ್ಲಾ?"

"ಕೊಡಿ. ಕೊಟ್ಟು, ಹಿತ್ತಲಲ್ಲಿ ಒಂದು ಗುಂಡಿನೂ ತೋಡಿ. ಹೂಳೋಕೆ ಬೇಕಾಗುತ್ತೆ."

ಟೈಲರ್ ನಗಲು ನೋಡಿದ.

"ತಮಾಷೆ ಅಲ್ಲ ಅಣ್ಣ. ಮನುಷ್ಯರ ಜ್ವರದ ಮಾತ್ರೆ, ನೋವಿನ ಮಾತ್ರೆ ಬೆಕ್ಕಿಗೆ ವಿಷ. ಒಂದು ಚೂರೇ ಸಾಕು. ಡಾಕ್ಟರು ಬರೆದುಕೊಟ್ಟದ್ದು ಮಾತ್ರ, ಹೇಳಿದಷ್ಟು ಮಾತ್ರ. ನೋವು ಜಾಸ್ತಿ ಅನಿಸಿದರೆ ಡಾಕ್ಟರಿಗೆ ಫೋನ್ ಮಾಡಿ, ಮಾತ್ರೆ ಡಬ್ಬಿಗೆ ಕೈ ಹಾಕಬೇಡಿ."

ಆಮೇಲೆ ಅವಳು ಕೋಣೆಯನ್ನೆಲ್ಲ ಒಮ್ಮೆ ನೋಡಿದಳು. ಟೈಲ್ಸ್ ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು.

"ನಾಲ್ಕು ಕಾಲಿನದ್ದೇ ಇಲ್ಲಿ ಜಾರುತ್ತೆ. ಬೆಕ್ಕಿನ ತಪ್ಪಲ್ಲ ಇದು, ನೆಲದ ತಪ್ಪು. ಬಟ್ಟೆ ಹಾಸಿ. ನಿಮ್ಮ ಮನೇಲಿ ಬಟ್ಟೆಗೇನು ಬರಗಾಲವಾ?"

ಆ ಮಾತು ಟೈಲರನಿಗೆ ನಾಟಿತು. ತುಂಡು ಬಟ್ಟೆಗಳ ಮೂಟೆ ಬಿಚ್ಚಿದ. ದಪ್ಪ ಪ್ಯಾಂಟಿನ ಬಟ್ಟೆಯ ಚೂರುಗಳನ್ನೆಲ್ಲ ಕೂಡಿಸಿ, ಮಲಗುವ ಪೆಟ್ಟಿಗೆಯಿಂದ ನೀರಿನ ಬಟ್ಟಲಿಗೆ, ಬಟ್ಟಲಿನಿಂದ ಕಕ್ಕಸಿನ ತಟ್ಟೆಗೆ ಉದ್ದದ ಹಾಸು ಹೊಲಿದ. ಜಾರದಂತೆ ಅದರ ಕೆಳಗೆ ಗೋಣಿ ಬಟ್ಟೆ ಕೊಟ್ಟ. ತಟ್ಟೆಯ ಒಂದು ಅಂಚನ್ನು ತಗ್ಗಿಸಿ ಕತ್ತರಿಸಿದ, ಕಾಲೆತ್ತದೆ ಒಳಗೆ ಹೋಗಲಿ ಎಂದು. ಮರಳು ಹಾಕಲು ಹೋದಾಗ ಸೂಜಿಯಕ್ಕ ತಡೆದಳು. "ಮರಳು ಹಸಿ ಗಾಯಕ್ಕೆ ಮೆತ್ತಿಕೊಳ್ಳುತ್ತೆ. ಸದ್ಯಕ್ಕೆ ಹಳೇ ಪೇಪರ್ ಹರಿದು ಹಾಕಿ. ಮತ್ತೆ ನೆಲದ ಮೇಲೆ ಬಿದ್ದ ದಾರ, ಸೂಜಿ ಎಲ್ಲಾ ಗುಡಿಸಿ. ಬೆಕ್ಕು ದಾರ ನುಂಗಿದರೆ ಕರುಳೇ ಹರಿಯುತ್ತೆ."

ಕೊರಳಿನ ಪಟ್ಟಿಯ ವಿಷಯಕ್ಕೆ ಅಮ್ಮ ಬಂದಳು. "ಪಾಪ, ಅದನ್ನಾದರೂ ಬಿಚ್ಚೇ. ಬಾವಿ ಒಳಗಿಂದ ಇಣುಕಿದ ಹಾಗೆ ನೋಡ್ತಿದೆ."

"ಬಿಚ್ಚಿದರೆ ಗಾಯ ನೆಕ್ಕಿ ನೆಕ್ಕಿ ಹೊಲಿಗೆ ಕಿತ್ತುಹಾಕುತ್ತೆ, ಅಮ್ಮ. ಹೊಲಿಗೆ ತೆಗೆಯೋ ತನಕ ಬಿಚ್ಚೋ ಹಾಗಿಲ್ಲ."

ಟೈಲರ್ ಟೇಪ್ ಹಿಡಿದು ಬಂದ. "ಗಿರಾಕಿ ಅಲುಗಾಡಬಾರದು" ಎಂದು ಬಾಬಿನ್‌ನ ಕೊರಳಿನ ಅಳತೆ ತೆಗೆದ. ಶರ್ಟಿನ ಕಾಲರಿಗೆ ಹಾಕುವ ಗಟ್ಟಿ ಕ್ಯಾನ್ವಾಸನ್ನು ಎರಡು ಪದರ ಮಾಡಿ, ಅಂಚಿಗೆ ಮೆತ್ತನೆ ಬಟ್ಟೆ ಕೊಟ್ಟು ಹೊಸ ಪಟ್ಟಿ ಹೊಲಿದ. ಮೂಗಿಗಿಂತ ಮುಂದಕ್ಕೆ ಚಾಚಿದೆಯೇ, ಕೊರಳಲ್ಲಿ ಬೆರಳು ಆಡುತ್ತದೆಯೇ, ನಾಲಿಗೆ ಗಾಯಕ್ಕೆ ಮುಟ್ಟುವುದಿಲ್ಲ ತಾನೇ ಎಂದು ಸೂಜಿಯಕ್ಕ ನೋಡಿ ತಲೆಯಾಡಿಸಿದಳು. ಪಟ್ಟಿ ಗೋಡೆಗೆ ಬಡಿಯುವುದು ನಿಂತಿತು.

ಆದರೂ ಬಾಬಿನ್ ತಿನ್ನಲಿಲ್ಲ. ಒಂದು ಹಗಲು ಪೂರ್ತಿ ಬಟ್ಟಲು ಹಾಗೇ ಇತ್ತು. "ನೋಡಿದ್ರಾ? ಅದಕ್ಕೇ ಬದುಕೋ ಮನಸ್ಸಿಲ್ಲ" ಅಂದ ಟೈಲರ್. ದನಿ ಗಡುಸಾಗಿತ್ತು, ಕಣ್ಣು ಹಾಗಿರಲಿಲ್ಲ. ಹೆಂಡತಿ ವಾದಕ್ಕೆ ನಿಲ್ಲಲಿಲ್ಲ, ಆಸ್ಪತ್ರೆಗೆ ಫೋನ್ ಮಾಡಿದಳು. ಬೆಕ್ಕು ಒಂದು ದಿನ ತಿನ್ನದಿದ್ದರೂ ತಡ ಮಾಡಬಾರದು, ಕರೆತನ್ನಿ ಅಂದರು ಡಾಕ್ಟರು. ನೋಡಿ ನೋವಿನ ಔಷಧಿ ಬದಲಿಸಿದರು. ಬೇಯಿಸಿದ ಮೀನನ್ನು ಮುಳ್ಳು ತೆಗೆದು, ಉಪ್ಪು ಖಾರ ಹಾಕದೆ, ಉಗುರು ಬೆಚ್ಚಗೆ ಮಾಡಿ ವಾಸನೆ ಬರುವಂತೆ ಮೂಗಿನ ಹತ್ತಿರ ಇಡಲು ಹೇಳಿದರು. ರಾತ್ರಿಗೆ ಬಟ್ಟಲು ಖಾಲಿ.

ಮಾರನೆಯ ದಿನ ಟೈಲರ್ ಮಷಿನ್ ತುಳಿಯುತ್ತಾ ಒಂದು ವಿಚಿತ್ರ ಕಂಡ. ಬಾಬಿನ್ ತಲೆಯನ್ನು ಎಡಕ್ಕೆ ವಾಲಿಸಿ ಕೂತಿತ್ತು. ಕಾಲಿಲ್ಲದ ಕಡೆಯ ಸೊಂಟ ಪಟಪಟ ಅದುರುತ್ತಿತ್ತು. ಫಿಟ್ಸ್ ಬಂತೇ? ಗೋಡೆಯಾಚೆಗೆ ಕೂಗಿದ. ಸೂಜಿಯಕ್ಕ ಬಂದು ನೋಡಿ ನಕ್ಕಳು.

"ಎಡಗಿವಿ ಕಡೀತಿದೆ, ಅಣ್ಣ. ಇಲ್ಲದ ಕಾಲಿನಲ್ಲಿ ಕೆರೀತಿದೆ."

ಟೈಲರ್ ಮಷಿನ್ ಬಿಟ್ಟು ಎದ್ದು, ನೆಲದ ಮೇಲೆ ಕೂತು, ಪಟ್ಟಿಯೊಳಗೆ ಬೆರಳು ತೂರಿಸಿ ಎಡಗಿವಿಯ ಹಿಂದೆ ಕೆರೆದ. ಬಾಬಿನ್ ಕಣ್ಣು ಮುಚ್ಚಿತು. ಗಂಟಲಲ್ಲಿ ಗುರುಗುರು ಶುರುವಾಯಿತು. ಹಳೆಯ ಹೊಲಿಗೆ ಮಷಿನ್‌ನದ್ದೇ ಸದ್ದು.

"ಇನ್ನು ಮೇಲೆ ಆ ಕಿವಿ ನಿಮ್ಮ ಜವಾಬ್ದಾರಿ" ಅಂದಳು ಸೂಜಿಯಕ್ಕ. "ಆದರೆ ಎತ್ತಿಕೊಂಡು ಓಡಾಡಬೇಡಿ. ತಾನೇ ಏಳಲಿ, ಬೀಳಲಿ, ಕಲಿಯಲಿ. ಎತ್ತಲೇಬೇಕಾದರೆ ಎದೆ ಕೆಳಗೊಂದು ಕೈ, ಹಿಂದುಗಡೆ ಒಂದು ಕೈ. ಎತ್ತರಕ್ಕೆ ಹಾರೋದು ಮಾತ್ರ ಡಾಕ್ಟರು ಹೂಂ ಅನ್ನೋ ತನಕ ಬೇಡ. ಗಾಯ ಕೆಂಪಾದರೆ, ಊದಿದರೆ, ಕೀವು, ರಕ್ತ, ವಾಸನೆ ಬಂದರೆ ನಾಳೆ ನೋಡೋಣ ಅನ್ನಬೇಡಿ."

ಟೈಲರ್ ದಿನವೂ ಗಾಯ ನೋಡಿದ, ಮುಟ್ಟಲಿಲ್ಲ. ಬಾಬಿನ್ ಬಿದ್ದಾಗ ಕುರ್ಚಿಯ ಅಂಚು ಹಿಡಿದು ಕೂತ, ಎದ್ದು ಹೋಗಲಿಲ್ಲ. ಅವನಿಗೆ ಅದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಹಾಸಿನ ಮೇಲೆ ಒಂದು ಹೆಜ್ಜೆ, ಒಂದು ಕುಪ್ಪಳಿಕೆ. ಆಮೇಲೆ ಗೋಡೆಯ ಆಸರೆ ಇಲ್ಲದೆ. ಆಮೇಲೆ ಅಮ್ಮನಿಗಿಂತ ಜೋರಾಗಿ.

"ನನ್ನನ್ನೇ ಹಿಂದೆ ಹಾಕ್ತಲ್ಲೋ!" ಅಂದಳು ಅಮ್ಮ, ಕೋಲು ಕುಟ್ಟುತ್ತಾ.

ಹೊಲಿಗೆ ತೆಗೆದರು. ಗಾಯ ಮಾಗಿತ್ತು. ಪಟ್ಟಿ ಬಿಚ್ಚಬಹುದು, ಇನ್ನು ಮೆಲ್ಲಗೆ ಹತ್ತಲು ಬಿಡಿ ಅಂದರು ಡಾಕ್ಟರು. ಟೈಲರ್ ಮೇಜಿನ ಪಕ್ಕಕ್ಕೆ ಒಂದು ಗಿಡ್ಡ ಮಣೆ, ಅದರ ಪಕ್ಕ ಒಂದು ಸ್ಟೂಲ್ ಇಟ್ಟು ಮೆಟ್ಟಿಲು ಮಾಡಿದ. ಬಾಬಿನ್ ಅದನ್ನು ಮೂಸಿ ನೋಡಿ ಹೋಯಿತು.

ಯೂನಿಫಾರ್ಮ್ ಒಯ್ಯಲು ಸ್ಕೂಲಿನ ಹೆಡ್‌ಮಾಸ್ಟರು ಬಂದ ದಿನ ಅಂಗಡಿ ತುಂಬಾ ಜನ. ಇಸ್ತ್ರಿ ಮಾಡಿದ ಬಿಳಿ ಶರ್ಟುಗಳ ಗುಡ್ಡೆ ಮೇಜಿನ ಮೇಲಿತ್ತು. ಟೈಲರನ ಮೊಣಕೈ ತಗುಲಿ ಒಂದು ಖಾಲಿ ರೀಲು ಕೆಳಗೆ ಬಿದ್ದು ಉರುಳಿತು. ಅದರ ಹಿಂದೆಯೇ ಕಪ್ಪಗೆ ಏನೋ ನುಗ್ಗಿತು. ಹಾಸು ಬಿಟ್ಟು, ಹೆಡ್‌ಮಾಸ್ಟರ ಕಾಲ ಸಂದಿಯಲ್ಲಿ ನುಸುಳಿ, ಬಾಗಿಲ ತನಕ ಓಡಿ ರೀಲನ್ನು ತಡೆದು ಒಂದು ಏಟು ಕೊಟ್ಟಿತು. ಅಷ್ಟಕ್ಕೇ ನಿಲ್ಲಲಿಲ್ಲ. ತಿರುಗಿ ಬಂದು ಮಣೆ ಹತ್ತಿತು, ಸ್ಟೂಲ್ ಹತ್ತಿತು, ಸೊಂಟ ಒಮ್ಮೆ ಅಲ್ಲಾಡಿಸಿ ಮೇಜಿಗೆ ನೆಗೆಯಿತು. ಬಿಳಿ ಶರ್ಟುಗಳ ನೆತ್ತಿಯ ಮೇಲೆ ರಾಣಿಯಂತೆ ಕೂತು ಪಂಜ ನೆಕ್ಕಿಕೊಂಡಿತು.

ಬೇರೆ ದಿನವಾಗಿದ್ದರೆ ಬಟ್ಟೆಗೆ ಕೂದಲಾಯಿತೆಂದು ಟೈಲರ್ ಸೂರು ಹಾರಿಹೋಗುವಂತೆ ಕೂಗುತ್ತಿದ್ದ. ಅವತ್ತೂ ಕೂಗಿದ.

"ಸೂಜಿಯಕ್ಕಾ! ಏ ಸೂಜಿಯಕ್ಕಾ! ಬಾರಮ್ಮ, ನೋಡಮ್ಮ!"

ಅವಳು ಓಡಿ ಬಂದಳು. ಬೀದಿಯೂ ಹಿಂದೆಯೇ ಬಂತು. "ಆರ್ಡರ್ ಮುಗೀತಲ್ಲ ಅಣ್ಣ. ಸೂಜಿಗೆ ಯಾವಾಗ ಕರೆತರ್ತೀರಿ?" ಅಂದಳು, ನಗು ತಡೆದುಕೊಂಡು.

"ಸೂಜಿ ಅಂತ ಅಂದೋರ ಬಾಯಿ ಹೊಲೀತೀನಿ!"

"ಹಾಗಾದರೆ ಮೊದಲು ನಿನ್ನದೇ ಹೊಲ್ಕೋ" ಅಂದಳು ಅಮ್ಮ.

ಹೆಡ್‌ಮಾಸ್ಟರು ಕನ್ನಡಕ ಸರಿಮಾಡಿಕೊಂಡರು. "ಅಲ್ಲಪ್ಪ, ಪಾಪ, ಇದಕ್ಕೆ ಒಂದು ಕಾಲಿಲ್ಲವಲ್ಲ?"

ಟೈಲರ್ ಬಾಬಿನ್‌ನ ಎಡಗಿವಿ ಕೆರೆಯುತ್ತಾ ಅವರನ್ನು ಮೇಲಿಂದ ಕೆಳಗಿನ ತನಕ ನೋಡಿದ.

"ಪಾಪ ಯಾಕೆ ಸಾರ್? ನಿಮಗಿರೋದು ಎರಡೇ. ಇದಕ್ಕೆ ಒಂದು ಜಾಸ್ತಿನೇ ಇದೆ."

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮಗೂ ನೇರವಾಗಿ ಹೇಳುತ್ತೇನೆ. ನಿಮ್ಮ ಮನೆಯ ಬೆಕ್ಕಿಗೆ ಕಾಲು ತೆಗೆಯಬೇಕು ಅಂತ ಡಾಕ್ಟರು ಹೇಳಿದರೆ ಅಲ್ಲಿಗೆ ಅದರ ಬದುಕು ಮುಗಿಯಿತು ಅಂದುಕೊಳ್ಳಬೇಡಿ. ನಿಮ್ಮ ಮಾತ್ರೆ ನಿಮ್ಮ ಹತ್ತಿರವೇ ಇರಲಿ. ಹೊಲಿಗೆಗೆ ಕೈ ಹಾಕಬೇಡಿ, ಕೊರಳಿನ ಪಟ್ಟಿ ಬಿಚ್ಚಬೇಡಿ. ಜಾರುವ ನೆಲಕ್ಕೆ ಒಂದು ಹಳೇ ಬಟ್ಟೆ ಹಾಸಿ. ಊಟ ಬಿಟ್ಟರೆ, ಗಾಯ ಕೆಟ್ಟರೆ ಅವತ್ತೇ ಆಸ್ಪತ್ರೆಗೆ ಹೋಗಿ. ಉಳಿದದ್ದನ್ನು ಬೆಕ್ಕೇ ಕಲಿಯುತ್ತದೆ, ನೀವು ದಾರಿಗೆ ಅಡ್ಡ ಬರಬೇಡಿ, ಅಷ್ಟೇ. "ಅಯ್ಯೋ ಪಾಪ" ಅಂದು ಬಾಯಿ ಸವೆಸಿದ್ದು ಸಾಕು. ಕಾಲಿಲ್ಲದ ಕಡೆ ಬೆಕ್ಕಿಗೆ ಎಟುಕದ ಕಿವಿಯೊಂದಿರುತ್ತದೆ. ಆ ಹೊತ್ತಿನಲ್ಲಿ ಕೂತು ಅದನ್ನು ಕೆರೆಯಿರಿ.